ಹೋಲಿಕೆ ಗುಂಪಿನ ಇಪ್ಪತ್ತೇಳನೆಯವಳು

ಮಾರ್ಚ್ 9, ಶುಕ್ರವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ, ನಿಂಬೆವ್ವ ಹೊಸಮನಿಯ ಎಲುಬುಗಳಲ್ಲಿ 940 ಬೆಕೆರೆಲ್ ವಿಕಿರಣ ಸೂಸುವ ಸೀಸ-210 ಇದೆಯೆಂದು ಯಂತ್ರ ತೋರಿಸಿತು. ಕೆಂಬಳಗಿಯ ಯುರೇನಿಯಂ ಗಣಿಯಲ್ಲಿ ದುಡಿದ 240 ಜನರ ಪೈಕಿ ಅತಿ ಹೆಚ್ಚು ಅಳತೆ ಬಂದವನದು 310. ನಿಂಬೆವ್ವ ಆ ಗಣಿಯೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಅವಳನ್ನು ಆರಿಸಿದ್ದೇ ಆ ಕಾರಣಕ್ಕೆ.

ಗಣಿಗೆ ಇಳಿದವರ ಎಲುಬನ್ನು ಇಳಿಯದವರ ಎಲುಬಿನೊಂದಿಗೆ ಹೋಲಿಸಿ ನೋಡಬೇಕು ಎಂಬುದು ವಿಚಾರಣಾ ಸಮಿತಿಯ ಆದೇಶ. ಅದಕ್ಕಾಗಿ ಅದೇ ಊರಿನ ನಲವತ್ತು ಮಂದಿಯ ಒಂದು ಹೋಲಿಕೆ ಗುಂಪು ಮಾಡಿದ್ದರು. ನಿಂಬೆವ್ವ ಅದರಲ್ಲಿ 27ನೆಯವಳು.

ಪರದೆಯ ಮುಂದೆ ಕುಳಿತು ಅಳತೆ ನಡೆಸುತ್ತಿದ್ದ ಸುಗಲಾ ಆ ಅಂಕಿಯನ್ನು ಎರಡು ಸಲ ಓದಿದಳು. ನಂತರ ಗಾಜಿನಾಚೆ ನೋಡಿದಳು. ಅಲ್ಲಿ, ದಪ್ಪ ಉಕ್ಕಿನ ಕೋಣೆಯಲ್ಲಿ, ತಲೆಯ ಸುತ್ತ ನಾಲ್ಕು ಶೋಧಕಗಳನ್ನು ಹೊತ್ತ ಕುರ್ಚಿಯಲ್ಲಿ ಐವತ್ತರ ಸಣಕಲು ಹೆಂಗಸು ನಲವತ್ತು ನಿಮಿಷದಿಂದ ಅಲುಗಾಡದೆ ಕೂತಿದ್ದಳು.

"ಮುಗೀತೇನ ಯವ್ವಾ? ಕಾಲು ಜೋಮು ಹಿಡದು ಕಲ್ಲಾಗ್ಯಾವು."

"ಇನ್ನೊಮ್ಮೆ ಅಳೀಬೇಕ ನಿಂಬಕ್ಕ."

"ಯಾಕ, ತಲಿಯೊಳಗ ಬುದ್ಧಿ ಸಿಗಲಿಲ್ಲೇನು? ನಮ್ಮವ್ವ ಮೊದಲ ಹೇಳಿದ್ಲು, ಇಲ್ಲ ಅಂತ."

ಎರಡನೆಯ ಸಲ 936 ಬಂತು. ಕೂದಲಿನ ಎಣ್ಣೆಗೆ ದೂಳು ಅಂಟಿರಬಹುದೆಂದು ಸುಗಲಾ ಅವಳನ್ನು ಮನೆಗೆ ಕಳಿಸಿ, ಸೀಗೆಕಾಯಿ ಹಾಕಿ ತಲೆ ತೊಳೆದು ಬಾ ಎಂದಳು. ಶನಿವಾರ ಮೂರನೆಯ ಸಲ 941.

ಯುರೇನಿಯಂ ತಾನಾಗಿ ಕರಗುತ್ತ ಹೋಗುವ ಧಾತು. ಅದರ ಒಂದು ಪರಮಾಣು ಹದಿನಾಲ್ಕು ಹೆಜ್ಜೆ ನಡೆದು, ಹೆಜ್ಜೆಗೊಂದು ರೂಪ ತಳೆದು, ಕೊನೆಗೆ ಇನ್ನು ಬದಲಾಗದ ಸೀಸವಾಗಿ ನಿಲ್ಲುತ್ತದೆ. ಸುಗಲಾ ಬರೆದ 'ಹಾದಿ' ಎಂಬ ತಂತ್ರಾಂಶ ಈ ನಡಿಗೆಯನ್ನು ಪರದೆಯ ಮೇಲೆ ಚಿತ್ರವಾಗಿ ತೋರಿಸುತ್ತಿತ್ತು. ಒಂದೊಂದು ರೂಪಕ್ಕೂ ಒಂದೊಂದು ಚೌಕ, ಪರಮಾಣುವಿಗೆ ಒಂದು ಕಾಯಿ. ಪರಮಾಣು ಆಲ್ಫಾ ಕಣ ಉಗುಳಿದರೆ ಕಾಯಿ ಎರಡು ಮನೆ ಕೆಳಕ್ಕೆ, ಎರಡು ಮನೆ ಎಡಕ್ಕೆ ಸರಿಯುತ್ತದೆ. ಬೀಟಾ ಕಣ ಉಗುಳಿದರೆ ಒಂದು ಮನೆ ಮೇಲಕ್ಕೆ, ಒಂದು ಮನೆ ಎಡಕ್ಕೆ. ಕಾಯಿ ಯಾವಾಗ ನಡೆಯುತ್ತದೆ ಎಂದು ಯಾರೂ ಹೇಳಲಾರರು. ಕವಡೆ ಬಿದ್ದ ಹಾಗೆ. ಅಳತೆಗೆಂದು ಬಂದ ಗಣಿ ಕೆಲಸಗಾರರು ಪರದೆ ನೋಡಿದ ದಿನವೇ ಅದಕ್ಕೆ 'ಚೌಕಾಬಾರ' ಎಂದು ಹೆಸರಿಟ್ಟಿದ್ದರು. "ನನ್ನ ಕಾಯಿ ಹಣ್ಣಾತೇನ್ರಿ ಮೇಡಂ?" ಎಂದು ಕೇಳಿ, ನಕ್ಕು, ಕೆಮ್ಮುತ್ತಿದ್ದರು.

ಇಂಥ ಚಿತ್ರಗಳು ಹಿಂದೆಯೂ ಇದ್ದವು. ಹಾದಿಯ ಹೊಸತನವೆಂದರೆ ಅದು ಹಿಂದಕ್ಕೆ ನಡೆಯುತ್ತಿತ್ತು. ಎಲುಬಿನಲ್ಲಿ ಕೂತ ಸೀಸ-210 ಹನ್ನೊಂದನೆಯ ಹೆಜ್ಜೆ. ಅದರ ಅರ್ಧ ಕರಗಲು ಇಪ್ಪತ್ತೆರಡು ವರ್ಷ ಬೇಕು. ಹಾಗಾಗಿ ಒಬ್ಬ ಮನುಷ್ಯ ಜೀವಮಾನದಲ್ಲಿ ಕುಡಿದ ಗಾಳಿಯ ಲೆಕ್ಕ ಅವನ ತಲೆಬುರುಡೆಯಲ್ಲಿ ಉಳಿದಿರುತ್ತದೆ. ಆ ಅಳತೆ, ಅವನು ಎಲ್ಲೆಲ್ಲಿ ಎಷ್ಟು ತಾಸು ಇದ್ದನೆಂಬ ಮಾಹಿತಿ, ಆಯಾ ಜಾಗದ ಗಾಳಿಯ ಗುಣ ಇವನ್ನು ಕೊಟ್ಟರೆ, ಒಂದೊಂದು ಹೆಜ್ಜೆ ಯಾವ ಜಾಗದಲ್ಲಿ ಬಿದ್ದಿತೆಂದು ಹಾದಿ ಗುರುತಿಸುತ್ತಿತ್ತು.

ನಿಂಬೆವ್ವನ ಕಾಯಿ ಹನ್ನೊಂದರಿಂದ ಹಿಂದೆ ಸರಿದು ಆರನೆಯ ಹೆಜ್ಜೆಯಲ್ಲಿ ನಿಂತಿತು. ಆರನೆಯದು ರೇಡಾನ್. ಇಡೀ ಹಾದಿಯಲ್ಲಿ ಅನಿಲವಾಗಿರುವುದು ಅದೊಂದೇ. ಹಿಂದಿನ ಐದೂ, ಮುಂದಿನ ಎಂಟೂ ಘನವಸ್ತು. ಅವಳ ಮನೆ, ಹೊಲ, ಸಂತೆಕಟ್ಟೆ, ಯಾವುದರಲ್ಲೂ ಅಷ್ಟು ರೇಡಾನ್ ಇರಲಿಲ್ಲ. ತಂತ್ರಾಂಶ ತನಗೆ ಗೊತ್ತಿದ್ದ ಜಾಗಗಳನ್ನೆಲ್ಲ ಹುಡುಕಿ ಕೊನೆಗೆ ಬರೆಯಿತು: 'ಗಣಿಯ ಅತಿ ಕೆಟ್ಟ ಗಾಳಿಯ ಸುರಂಗದಲ್ಲಿ ಕನಿಷ್ಠ 19 ವರ್ಷ ಕೆಲಸ. ಸಂಭವ ಶೇಕಡಾ 88.'

"ಸುಳ್ಳು ಹೇಳ್ಯಾಳ," ಎಂದರು ಪದಕಿ. ಅರವಿಂದ ಪದಕಿ ಸಮೀಕ್ಷೆಯ ಮುಖ್ಯಸ್ಥರು, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಭೌತವಿಜ್ಞಾನಿ. "ಕಟ್ಟಿಗಿ ಆರಸಾಕ ಸುರಂಗದಾಗ ಹೋಗಿರತಾಳ."

"ಹತ್ತೊಂಬತ್ತು ವರ್ಷ ಕಟ್ಟಿಗಿ ಆರಿಸ್ಯಾಳೇನ್ರಿ ಸರ್?"

ಪದಕಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬುಧವಾರ, ಮಾರ್ಚ್ 14ಕ್ಕೆ ವಿಚಾರಣೆ. ನಿಯಮ ಇಬ್ಬರಿಗೂ ಬಾಯಿಪಾಠವಾಗಿತ್ತು: ಹೋಲಿಕೆ ಗುಂಪಿನ ಅತಿ ಹೆಚ್ಚಿನ ಅಳತೆಯ ಮೂರು ಪಟ್ಟನ್ನು ದಾಟಿದ ಗಣಿ ಕೆಲಸಗಾರನಿಗೆ ಜೀವವಿರುವ ತನಕ ಉಚಿತ ಚಿಕಿತ್ಸೆಯ ಕಾರ್ಡು. ಗುಂಪಿನ ಉಳಿದ ಮೂವತ್ತೊಂಬತ್ತು ಮಂದಿಯಲ್ಲಿ ಅತಿ ಹೆಚ್ಚು 34. ಅಂದರೆ ಗೆರೆ 102. ಅದನ್ನು ದಾಟಿದವರು ಅರವತ್ತೊಂದು ಮಂದಿ. ನಿಂಬೆವ್ವ ಗುಂಪಿನಲ್ಲಿ ಉಳಿದರೆ ಗೆರೆ 2,800ರ ಮೇಲಕ್ಕೆ ಹೋಗುತ್ತದೆ. ಆಗ ದಾಟುವವರು ಯಾರೂ ಇಲ್ಲ.

ಅರವತ್ತೊಂದು ಮಂದಿಯಲ್ಲಿ ಸುಗಲಾಳ ಗಂಡ ಶಿವಪುತ್ರನೂ ಒಬ್ಬ. ಹದಿನಾಲ್ಕು ವರ್ಷ ಬಂಡೆಗೆ ತೂತು ಕೊರೆಯುವ ಯಂತ್ರ ಹಿಡಿದವನು. ಅವನ ಅಳತೆ 148. ಎಡ ಶ್ವಾಸಕೋಶದಲ್ಲಿ ಹನ್ನೊಂದು ಮಿಲಿಮೀಟರಿನ ಗಂಟು. ಕಾರ್ಡು ಕೈಗೆ ಬಂದ ಎರಡು ವಾರದಲ್ಲೇ ಕೊಯ್ದು ತೆಗೆಯುತ್ತೇವೆ, ಬೇಸಿಗೆ ದಾಟಿದರೆ ಮಾತು ಕೊಡಲಾರೆವು ಎಂದು ವೈದ್ಯರು ಹೇಳಿದ್ದರು.

ಪದಕಿಗೆ ಇದು ಗೊತ್ತಿತ್ತು. ಅವರು ಆ ಮಾತು ತೆಗೆಯಲಿಲ್ಲ. "ಸೋಮವಾರದ ತನಕ ಟೈಮ್ ಅದ. ಕಾರಣ ಹುಡುಕು," ಎಂದಷ್ಟೇ ಹೇಳಿದರು.

ಕಾರಣ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸುಗಲಾಳ ಮನೆಯ ಅಂಗಳಕ್ಕೇ ನಡೆದುಕೊಂಡು ಬಂತು.

ಆ ಸೀಮೆಯಲ್ಲಿ ಹಿಂದೆ ಪ್ರತಿ ಮನೆಯ ಅಂಗಳದಲ್ಲೂ ಜೋಳ ತುಂಬಿಡುವ ಹಗೇವು ಇರುತ್ತಿತ್ತು. ಕೊಡದ ಆಕಾರದಲ್ಲಿ ನೆಲದೊಳಗೆ ಎರಡಾಳು ಆಳ ತೋಡಿದ ಕುಳಿ. ಬಾಯಿ ಒಬ್ಬ ತೆಳ್ಳನೆಯ ಮನುಷ್ಯ ಇಳಿಯುವಷ್ಟು, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗೋದಾಮುಗಳು ಬಂದ ಮೇಲೆ ಜನ ಅವನ್ನು ಮರೆತಿದ್ದರು. ಬೇಸಿಗೆಯ ಬಿಸಿಲು 47 ಡಿಗ್ರಿ ದಾಟತೊಡಗಿ, ತಗಡಿನ ಗೋದಾಮಿನ ಜೋಳ ತಿಂಗಳೊಪ್ಪತ್ತಿನಲ್ಲಿ ಹಿಟ್ಟಾಗಿ ಉದುರಿದಾಗ ಮತ್ತೆ ನೆನಪಾದವು. ಕಳೆದ ಹತ್ತು ವರ್ಷಗಳಲ್ಲಿ ಕೆಂಬಳಗಿಯವರು ಮುಚ್ಚಿದ್ದ 130 ಹಗೇವುಗಳನ್ನು ತೆರೆದು, ಸುಣ್ಣ ಬಳಿದು, ಜೋಳ ತುಂಬಿದ್ದರು. ಅವುಗಳಿಗೆ ಇಳಿದು ಕಾಳು ತುಂಬಿ ಕೊಡುವ ಕೆಲಸ ನಿಂಬೆವ್ವನದು. ಊರಲ್ಲಿ ಅವಳಷ್ಟು ತೆಳ್ಳಗಿದ್ದು, ಅವಳಷ್ಟು ಗಟ್ಟಿಯಿದ್ದವರು ಇರಲಿಲ್ಲ. ಇಳಿದ ಮನೆಯವರು ಮೊರದ ತುಂಬ ಜೋಳ ಕೊಡುತ್ತಿದ್ದರು.

ಶಿವಪುತ್ರ ಹಾರೆ ಹಾಕಿ ತಮ್ಮ ಹಗೇವಿನ ಚಪ್ಪಡಿ ಸರಿಸಿ, ಗೋಡೆಗೆ ಒರಗಿ ಏದುಸಿರು ಬಿಟ್ಟ.

"ನೋಡ ನಿನ್ನ ಗಂಡನ್ನ," ಎಂದಳು ನಿಂಬೆವ್ವ, ಸೀರೆಯ ಕಚ್ಚೆ ಬಿಗಿಯುತ್ತ. "ಒಂದ ಕಲ್ಲು ಸರಿಸಿ ಗುಡ್ಡಾ ಹೊತ್ತಂಗ ಮಾಡತಾನ."

"ನೀನ ಬಾರಬೇ, ನೀ ಕೆಮ್ಮೂದಿಲ್ಲೇನು?"

"ನಂದು ಜ್ವಾಳದ ದೂಳು. ಮರ್ಯಾದಿ ಕೆಮ್ಮು. ನಿಂದು ಸರಕಾರಿ ಕೆಮ್ಮು."

ಶಿವಪುತ್ರ ನಗಲು ಹೋಗಿ ಕೆಮ್ಮಿದ. ಸುಗಲಾ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಬಂದಳು. ನಿಂಬೆವ್ವ ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ, ಹಗೇವಿನ ಬಾಯಿಯಿಂದ ಮೆಲ್ಲಗೆ ಕೆಳಗೆ ಬಿಡುತ್ತಿದ್ದಳು. ಮುತ್ತಜ್ಜಂದಿರ ಕಾಲದ ಪದ್ಧತಿ. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ದೀಪ ಆರಿದರೆ ಇಳಿಯಬಾರದು, ಉರಿದರೆ ಇಳಿಯಬಹುದು. ನಿಂಬೆವ್ವ ಬಗ್ಗಿ ನೋಡುತ್ತ ನೂರರ ತನಕ ಎಣಿಸಿದಳು. ದೀಪ ನೆಟ್ಟಗೆ ಉರಿಯಿತು.

ಕೆಟ್ಟ ಗಾಳಿ ಎಂದು ಸುಗಲಾಳ ಮನಸ್ಸು ತನಗೆ ತಾನೇ ಹೇಳಿಕೊಂಡಿತು. ಆಮೇಲೆ ಆರನೆಯ ಹೆಜ್ಜೆಯಲ್ಲಿ ನಿಂತಿದ್ದ ಕಾಯಿ ಕಣ್ಣಿಗೆ ಬಂತು.

"ನಿಂಬಕ್ಕ, ಇಳೀಬ್ಯಾಡ. ತಡಿ."

"ಯಾಕ? ದೀಪಾ ಉರಿಯಾಕ ಹತ್ತೈತಲ್ಲ."

"ತಡಿ ಅಂದ್ನಲ್ಲಾ."

ಕಚೇರಿಯ ಚೀಲದಿಂದ ರೇಡಾನ್ ಮಾಪಕ ತಂದು ಅದೇ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು. ಇಪ್ಪತ್ತು ನಿಮಿಷ ಬೇಕಿತ್ತು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಯಾರೂ ಎದ್ದು ಹೋಗಲಿಲ್ಲ. ಮನೆಯೊಳಗಿನ ಗಾಳಿಯಲ್ಲಿ ಘನ ಮೀಟರಿಗೆ 300 ಬೆಕೆರೆಲ್ ದಾಟಿದರೆ ಕ್ರಮ ಕೈಗೊಳ್ಳಬೇಕು. ಮೇಲೆಳೆದ ಮಾಪಕದಲ್ಲಿ 2,60,000 ಇತ್ತು.

"ಗಣಿಯೊಳಗ ಇಷ್ಟ ಇರಲಿಲ್ಲಲ್ಲ," ಎಂದ ಶಿವಪುತ್ರ.

"ಗಣಿಯೊಳಗ ಫ್ಯಾನ್ ಇತ್ತು."

ಒಂಬತ್ತು ವರ್ಷದ ಹಿಂದೆ ಗಣಿ ಮುಚ್ಚಿದಾಗ ಫ್ಯಾನುಗಳನ್ನು ನಿಲ್ಲಿಸಿ, ಬಾಯಿಗೆ ನಾಲ್ಕು ಮೀಟರ್ ದಪ್ಪದ ಕಾಂಕ್ರೀಟು ಹಾಕಿದ್ದರು. ಸುಗಲಾ ಹಾದಿಯಲ್ಲಿ ಗಣಿಯ ಎದುರು 'ಮುಚ್ಚಿದೆ' ಎಂದು ಗುರುತು ಮಾಡಿದ್ದಳು. ಪರದೆಯ ಮೇಲೆ ರೇಡಾನ್ ಅಲ್ಲಿಗೆ ನಿಂತುಹೋಯಿತು. ನೆಲದಡಿಯಲ್ಲಿ ನಿಲ್ಲಲಿಲ್ಲ. ಊರ ಕೆಳಗಿದ್ದದ್ದು ಸೀಳುಬಿಟ್ಟ ಸುಣ್ಣಕಲ್ಲು. ಅನಿಲ ಆ ಸೀಳುಗಳಲ್ಲಿ ಹಬ್ಬಿ, ಎಲ್ಲಿ ತೆರಪು ಸಿಕ್ಕಿತೋ ಅಲ್ಲಿ ತುಂಬಿಕೊಂಡಿತು. ಎರಡಾಳು ಆಳದ, ತಿಂಗಳುಗಟ್ಟಲೆ ಮಣ್ಣು ಮೆತ್ತಿ ಮುಚ್ಚಿಟ್ಟ 130 ಕುಳಿಗಳು ಅದಕ್ಕಾಗಿಯೇ ಕಾದಂತಿದ್ದವು. ರೇಡಾನ್ ದೀಪ ಆರಿಸುವುದಿಲ್ಲ. ಅಷ್ಟು ಅಳತೆಯಲ್ಲೂ ಅದರ ಪರಮಾಣುಗಳು ದೀಪದ ಲೆಕ್ಕಕ್ಕೆ ಬಾರದಷ್ಟು ಕಡಿಮೆ.

ಮನೆಗಳ ಸಮೀಕ್ಷೆಯನ್ನು ಸ್ವತಃ ಸುಗಲಾ ಆರು ವರ್ಷದ ಹಿಂದೆ ಮಾಡಿದ್ದಳು. ಸೋಮವಾರ ಬೆಳಿಗ್ಗೆ ಕಚೇರಿಗೆ ಹೋದವಳು ಮೊದಲು ತನ್ನದೇ ಮನೆಯ ಹಾಳೆ ತೆಗೆದಳು. ಮನೆ ಸಂಖ್ಯೆ 118. ಪಡಸಾಲೆ ಒಂದು, ಅಡಿಗೆಮನೆ ಒಂದು, ಮಲಗುವ ಕೋಣೆ ಎರಡು, ಬಚ್ಚಲು ಒಂದು. ಕೈಬರಹ ಅವಳದೇ. ಹಗೇವು ಇರಲಿಲ್ಲ. ಅದು ಕೋಣೆಯಲ್ಲ, ಅಲ್ಲಿ ಯಾರೂ ಮಲಗುವುದಿಲ್ಲ, ಅದು ಪಾತ್ರೆಯ ಹಾಗೆ, ನೆಲದಲ್ಲಿ ಹೂತಿಟ್ಟ ಪಾತ್ರೆ. ಅವಳಷ್ಟೇ ಅಲ್ಲ, ಊರಿನ ಒಬ್ಬರೂ ಅದನ್ನು ಜಾಗವೆಂದು ಎಣಿಸಿರಲಿಲ್ಲ. ವಾರಕ್ಕೊಮ್ಮೆ ಅದರ ಜೋಳದ ರೊಟ್ಟಿ ಬಡಿದು ಡಬ್ಬಿಗೆ ಹಾಕಿಕೊಂಡು ಕಚೇರಿಗೆ ತಂದು, ಪರದೆಯ ಮುಂದೆ ಕೂತು ತಿಂದಿದ್ದಳು.

ತಂತ್ರಾಂಶದ ಪ್ರಯೋಗದ ಪ್ರತಿಯಲ್ಲಿ ಅವಳು ಹೊಸ ಜಾಗವೊಂದನ್ನು ಸೇರಿಸಿದಳು: ಹಗೇವು. ತಿಂಗಳಿಗೆ ನಲವತ್ತು ತಾಸು, ಒಂಬತ್ತು ವರ್ಷ. ಕಾಯಿ ಆರನೆಯ ಹೆಜ್ಜೆಯಿಂದ ಸರಾಗವಾಗಿ ಹಿಂದೆ ಸರಿದು ಯುರೇನಿಯಂ ಮನೆ ಸೇರಿತು. ಸಂಭವ ಶೇಕಡಾ 97.

ಪದಕಿ ಪರದೆಯ ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿದರು.

"ಸರಿ ಅದ," ಎಂದರು. "ಆದರ ಇದನ್ನ ಕೊಡಲಿಕ್ಕೆ ಬರೂದಿಲ್ಲ. ಸಮಿತಿ ಹೋದ ತಿಂಗಳನ ತಂತ್ರಾಂಶಕ್ಕ ಮೊಹರು ಹಾಕೇದ. ಈಗ ಒಂದ ಅಕ್ಷರ ಬದಲ ಮಾಡಿದ್ರೂ ವಿಚಾರಣಿ ಮುಂದಿನ ಮಾರ್ಚಿಗೆ ಹೋಗ್ತದ."

"ಹಂಗಾರ ಮುಂದಕ್ಕ ಹಾಕಸ್ರಿ."

"ಅರವತ್ತೊಂದ ಮಂದಿಯೊಳಗ ಎಷ್ಟ ಮಂದಿ ಮುಂದಿನ ಮಾರ್ಚ್ ನೋಡ್ತಾರ, ನೀನ ಹೇಳು."

ಸುಗಲಾಳ ಬಳಿ ಆ ಲೆಕ್ಕವೂ ಇತ್ತು.

ಮೊಹರಾದ ಪ್ರತಿಯಲ್ಲಿ ಒಂದು ಅಳತೆಯನ್ನು ಕೈಬಿಡಲು ದಾರಿಯಿತ್ತು. ಕಾರಣದ ಪಟ್ಟಿಯಲ್ಲಿ ಎರಡೇ ಸಾಲು: 'ಸುಳ್ಳು ಮಾಹಿತಿ' ಮತ್ತು 'ಯಂತ್ರದ ದೋಷ'. ಕೆಳಗೆ ಅಳತೆ ಮಾಡಿದವರ ಸಹಿ.

"ಮೊದಲ ಅರವತ್ತೊಂದ ಮಂದಿ ದಂಡಿ ಮುಟ್ಟಲಿ. ಆಮ್ಯಾಲೆ ಹಗೇವಿಂದು ಬೇರೆ ಅರ್ಜಿ ಬರಿಯೋಣು. ನಾನೂ ಸಹಿ ಹಾಕ್ತೀನಿ," ಎಂದರು ಪದಕಿ. ಅವರ ಮಾತಿನಲ್ಲಿ ಕಪಟವಿರಲಿಲ್ಲ.

ಸಂಜೆ ಐದಕ್ಕೆ ಸುಗಲಾ ನಿಂಬೆವ್ವನ ಮನೆಗೆ ಹೋದಳು. ಅವಳು ಹೊಸಿಲಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಸುಗಲಾ ಎಲ್ಲವನ್ನೂ ಹೇಳಿದಳು: ಗಾಳಿ, ಎಲುಬು, 940, ಗೆರೆ, ಅರವತ್ತೊಂದು. ನಿಂಬೆವ್ವ ಕೇರುವುದನ್ನು ನಿಲ್ಲಿಸದೆ ಕೇಳಿದಳು.

"ನಾ ಸಾಯತೀನೇನ?"

"ಗೊತ್ತಿಲ್ಲ. ಎದಿ ಫೋಟೋ ತಗೀಬೇಕು. ಇನ್ನಮ್ಯಾಲೆ ಇಳೀಬಾರದು."

"ಹೂಂ. ನನ್ನ ಹೆಸರ ತಗದ್ರ ಅವರಿಗೆಲ್ಲಾ ಔಷಧ ಸಿಗತೈತಿ."

"ಸಿಗತೈತಿ."

"ತಗೀಲಿಕ್ಕಂದ್ರ?"

"ಯಾರಿಗೂ ಇಲ್ಲ."

ನಿಂಬೆವ್ವ ಮೊರವನ್ನು ಕೆಳಗಿಟ್ಟಳು. "ನಿನ್ನ ಗಂಡನೂ ಅದರಾಗ ಅದಾನೇನ?"

"ಅದಾನ."

"ಅದನ್ನ ಮೊದಲ ಹೇಳಬೇಕಿತ್ತು. ಊರ ಮಂದೀನೆಲ್ಲಾ ಮುಂದ ಮಾಡಕೊಂಡು ಬಂದಿಯಲ್ಲ."

ಸುಗಲಾ ತಲೆ ತಗ್ಗಿಸಿದಳು. ನಿಂಬೆವ್ವ ಮೊರವನ್ನು ಮತ್ತೆ ಎತ್ತಿಕೊಂಡಳು.

"ತಗೀ," ಎಂದಳು ನಿಂಬೆವ್ವ. "ಆದ್ರ ಒಂದ ಮಾತು. ನಾ ಇಳೀಲಿಲ್ಲ ಅಂದ್ರ ಗೌಡ್ರು ಮತ್ತೊಬ್ಬಾಕಿನ್ನ ಕರೀತಾರ. ಆ ಚನ್ನವ್ವನ ಮಗಳು ನನ್ನಕಿಂತಾ ತೆಳ್ಳಗದಾಳ. ಹಗೇವು ಮುಚ್ಚರಿ ಅಂತ ಸರಕಾರದ ಕಾಗದ ತಂದ ಕೊಡು. ಕಾಗದ ಬಂದ್ರ ಯಾರೂ ಕರಿಯೂದಿಲ್ಲ."

"ತರತೀನಿ."

"ಎಷ್ಟ ದಿನದಾಗ?"

"ಒಂದ ತಿಂಗಳು."

"ಒಂದ ತಿಂಗಳು ಮೈಯಾಗ ಆರಾಮಿಲ್ಲ ಅಂತ ಮಲಗತೀನಿ. ಅದರ ಮ್ಯಾಲ ಮಲಗಿದ್ರ ಹೊಟ್ಟಿಗೇನ ತಿನ್ನಲಿ?"

ಮಂಗಳವಾರ ಬೆಳಿಗ್ಗೆ 9 ಗಂಟೆ 15 ನಿಮಿಷಕ್ಕೆ ಸುಗಲಾ 27ನೇ ಸಂಖ್ಯೆಯನ್ನು ಕೈಬಿಟ್ಟಳು. ನಿಂಬೆವ್ವ ಸುಳ್ಳುಗಾರ್ತಿ ಎಂದು ಬರೆಯಲು ಅವಳಿಗೆ ಆಗಲಿಲ್ಲ. 'ಯಂತ್ರದ ದೋಷ' ಎಂಬ ಸಾಲನ್ನು ಒತ್ತಿ ಸಹಿ ಹಾಕಿದಳು. ಬುಧವಾರ ಸಮಿತಿ ಐವತ್ತು ನಿಮಿಷ ಕೂತು, ಗೆರೆ 102 ಎಂದು ಒಪ್ಪಿ, ಅರವತ್ತೊಂದು ಕಾರ್ಡು ಕೊಟ್ಟಿತು. ಮಾರ್ಚ್ 28ರಂದು ಶಿವಪುತ್ರನ ಗಂಟನ್ನು ಕೊಯ್ದು ತೆಗೆದರು. ಅಂಚಿನಲ್ಲಿ ಏನೂ ಉಳಿದಿಲ್ಲ ಎಂದು ವೈದ್ಯರು ಹೇಳಿದರು. ಅಳತೆಯ ಕುರ್ಚಿಯನ್ನು ಲಾರಿಗೆ ಹೇರಿ ಇನ್ನೊಂದು ಜಿಲ್ಲೆಗೆ ಕಳಿಸಿದರು.

ಹಗೇವನ್ನು ರೇಡಾನ್ ಜಾಗವೆಂದು ದಾಖಲಿಸಿ ಮುಚ್ಚಿಸಬೇಕೆಂಬ ಅರ್ಜಿಯನ್ನು ಸುಗಲಾ ಮಾರ್ಚ್ 16ಕ್ಕೇ ಕಳಿಸಿದ್ದಳು. ಪದಕಿ ಹೇಳಿದಂತೆ ಸಹಿ ಹಾಕಿದ್ದರು. ಏಪ್ರಿಲ್ 6ರಂದು ಪರದೆಯ ಮೇಲೆ ಸಮಿತಿಯ ತಾಂತ್ರಿಕ ಅಧಿಕಾರಿ ಕಾಣಿಸಿಕೊಂಡರು. ಬೆಂಗಳೂರಿನ ಕಡೆಯ ಹೆಂಗಸು, ಮಾತು ಮೆದು.

"ಗುಂಡಿಯಲ್ಲಿ ಅನಿಲ ಇರೋದು ನಿಜ ಮೇಡಂ. ಆದರೆ ಬರೀ ಗುಂಡಿಯಲ್ಲಿದ್ದರೆ ಅದು ಭೂಮಿಯ ಗುಣ ಅಂತಾರೆ. ಮನುಷ್ಯರ ಎಲುಬಲ್ಲಿ ಸಿಕ್ಕಿದರೆ ಮಾತ್ರ ಪ್ರಕರಣ. ನಿಮ್ಮ ಹತ್ತಿರ ಅಂಥ ಅಳತೆ ಇದೆಯಾ?"

"ಇದೆ. ಹೋಲಿಕೆ ಗುಂಪಿನ 27ನೇ ಸಂಖ್ಯೆ."

ಅಧಿಕಾರಿ ಬೇರೆ ಪರದೆಯಲ್ಲಿ ಹುಡುಕಿದರು. "ಅದು ಯಂತ್ರದ ದೋಷ ಅಂತ ಇದೆಯಲ್ಲ. ಸಹಿ ನಿಮ್ಮದೇ."

"ಯಂತ್ರದಲ್ಲಿ ದೋಷ ಇರಲಿಲ್ಲ."

"ಹಾಗಂತ ಬರೆದು ಕೊಡ್ತೀರಾ?" ದನಿ ಗಡಸಾಗಲಿಲ್ಲ. "ಬರೆದು ಕೊಟ್ಟರೆ ಅಳತೆ ಮತ್ತೆ ಗುಂಪಿಗೆ ಸೇರುತ್ತೆ. ಗೆರೆ ಬದಲಾಗುತ್ತೆ. ಅರವತ್ತೊಂದು ಕಾರ್ಡೂ ವಾಪಸ್ ತಗೋಬೇಕಾಗುತ್ತೆ. ಯೋಚನೆ ಮಾಡಿ ಹೇಳಿ."

"ಆ 27ನೆಯವರನ್ನ ಇನ್ನೊಮ್ಮೆ ಅಳೆದರೆ?"

"ದೋಷ ಅಂತ ಬಿಟ್ಟವರನ್ನ ಮುಂದಿನ ಸುತ್ತಲ್ಲೇ ಅಳೆಯೋದು. ಅಂದರೆ ಮಾರ್ಚ್."

ಆ ದಿನ ವಾರ್ಡಿನಿಂದ ಮನೆಗೆ ಬಂದ ಶಿವಪುತ್ರ ಮೂರು ತಿಂಗಳ ನಂತರ ಮೊದಲ ಸಲ ಮೆಟ್ಟಿಲ ಮೇಲೆ ನಿಲ್ಲದೆ ಹತ್ತಿ ಬಂದ. ಸುಗಲಾ ಅವನಿಗೆ ಊಟಕ್ಕೆ ಬಡಿಸಿದಳು. ಬರೆದು ಕೊಡಲಿಲ್ಲ.

ತನ್ನ ಅಂಗಳದ ಹಗೇವಿಗೆ ಅವಳು ಎರಡು ಟ್ರ್ಯಾಕ್ಟರು ಮಣ್ಣು ಹಾಕಿಸಿದಳು. ಪಂಚಾಯ್ತಿಗೆ ಹೋಗಿ ಮಾಪಕ ತೋರಿಸಿದಳು. ಅಧ್ಯಕ್ಷರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಹಗೇವು ಮುಚ್ಚಿದರೆ ಈ ಬಿಸಿಲಲ್ಲಿ ಜೋಳ ನಿಮ್ಮ ಕಚೇರಿಯಲ್ಲಿ ಇಡೋಣವೇನು ಎಂದು ಕೇಳಿದರು. ಕೂತವರು ನಕ್ಕರು. ಕಾಗದ ಬರಲಿ, ನೋಡೋಣ ಎಂದರು.

ಏಪ್ರಿಲ್ 22, ಭಾನುವಾರ, ನಿಂಬೆವ್ವ ಸುಗಲಾಳ ಮನೆಯ ಮುಂದೆ ಹಾದುಹೋಗುತ್ತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. ಕಟ್ಟೆಗೆ ಕೈಯೂರಿ ನಿಂತು, ಕೆಮ್ಮು ನಿಲ್ಲುವ ತನಕ ಕಾದಳು.

"ಕಾಗದ ಬಂತೇನ?"

"ಇಲ್ಲ."

"ಬರತೈತೇನ?"

ನಿಂಬೆವ್ವ ಅಂಗಳದ ಹೊಸ ಮಣ್ಣಿನ ಗುಪ್ಪೆಯನ್ನು ನೋಡಿದಳು. ಆಮೇಲೆ ಪಡಸಾಲೆಯಲ್ಲಿ ಕೂತಿದ್ದ ಶಿವಪುತ್ರನನ್ನು ನೋಡಿದಳು.

"ಮೈ ತುಂಬಕೊಂಡಾನ," ಎಂದಳು. "ಛಲೋ ಆತು."

ಮರುದಿನ ಬೆಳಿಗ್ಗೆ ಏಳಕ್ಕೆ ಅವಳು ಗೌಡರ ಮನೆಯ ಹಗೇವಿನೊಳಗೆ ಕಂದೀಲು ಇಳಿಬಿಟ್ಟು ನೂರರ ತನಕ ಎಣಿಸಿದಳು. ದೀಪ ಆರಲಿಲ್ಲ. ಇಳಿದಳು.